ಅರ್ಥವಾಗದೇ ನೋಡಿದ ಮಾಲ್ಗುಡಿ

2020ರ ಲಾಕ್‌ಡೌನ್ ಹೊತ್ತಿಗೆ ನಾನು ಊರಲ್ಲಿ ಅಮ್ಮನ ಜೊತೆ ಉಳಿದುಬಿಟ್ಟಿದ್ದೆ. ಜೀ ಕನ್ನಡದಲ್ಲಿ ‘ಮಾಲ್ಗುಡಿ ಡೇಸ್’ ಬರುತ್ತಿತ್ತು, ಕನ್ನಡಕ್ಕೆ ಡಬ್ ಆಗಿ. ಅಮ್ಮ ನೆಲದ ಮೇಲೆ ಪೇಪರ್ ಹಾಸಿಕೊಂಡು, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹಲಸಿನ ತೊಳೆ ಬಿಡಿಸುತ್ತಿದ್ದಳು. ಟಿವಿಯಲ್ಲಿ ಸ್ವಾಮಿಯ ಅಪ್ಪ ಪತ್ರಿಕೆ ಹಿಡಿದುಕೊಂಡು, ಹುಲಿಯ ಜೊತೆ ಸೆಣಸಿದ ಹುಡುಗನೊಬ್ಬನ ಸುದ್ದಿ ಹೇಳಿ, ‘ನಿನಗೆ ಧೈರ್ಯ ಇದ್ದರೆ ಇವತ್ತು ರಾತ್ರಿ ಒಬ್ಬನೇ ಮಲಗು ನೋಡೋಣ’ ಅನ್ನೋ ಅರ್ಥದಲ್ಲಿ ಏನೋ ಹೇಳಿದರು. ಅಮ್ಮನ ಕೈ ನಿಂತಿತು.

“ಅಯ್ಯೋ, ಅವ್ರು ಹೇಳಿದ್ದು ಇದಾ ಮಾರಾಯಾ? ನಾನು ಪರೀಕ್ಷೇಲಿ ಫೇಲಾಗಿದ್ದಕ್ಕೆ ಬೈತಿದಾರೆ ಅಂತ ಅಂದ್ಕೊಂಡಿದ್ದೆ!”

ಮೂವತ್ತಕ್ಕೂ ಹೆಚ್ಚು ವರ್ಷ ಅಮ್ಮ ಆ ಕಂತನ್ನು ಹಾಗೇ ನೆನಪಿಟ್ಟುಕೊಂಡಿದ್ದಳು. ಹುಡುಗ ಫೇಲಾದ, ಅಪ್ಪ ಬೈದರು, ಆಫೀಸ್ ರೂಮಿನಲ್ಲಿ ಮಲಗಿಸಿದರು, ಕಳ್ಳ ಬಂದ, ಹುಡುಗ ಕಚ್ಚಿದ. ನಿಜ ಹೇಳಬೇಕೆಂದರೆ ಅಮ್ಮನ ಕಥೆಯೂ ಕೆಟ್ಟದ್ದೇನಲ್ಲ.

ಬಾಲ್ಯದಲ್ಲಿ ನೋಡಿದ ಧಾರಾವಾಹಿಯನ್ನು ದೊಡ್ಡವರಾದ ಮೇಲೆ ಮತ್ತೆ ನೋಡುವುದು ಎಲ್ಲ ದೇಶದಲ್ಲೂ ಇದೆ. ಆದರೆ ಕರ್ನಾಟಕದಲ್ಲಿ, ಅದರಲ್ಲೂ ಬೆಂಗಳೂರಿನ ಆಚೆ, ಅದಕ್ಕೆ ಇನ್ನೊಂದು ಮುಖ ಇದೆ. ನಮ್ಮಲ್ಲಿ ತುಂಬ ಜನ ಮೊದಲ ಸಲ ನೋಡಿದಾಗ ಅದು ಅರ್ಥವೇ ಆಗಿರಲಿಲ್ಲ. ಎರಡನೇ ಸಲ ನೋಡಿದ್ದೇ ಒಂಥರಾ ಮೊದಲ ಸಲ. ಯಾಕೆ ಹೀಗಾಯಿತು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕರ್ನಾಟಕಕ್ಕೆ ಟಿವಿ ಮೊದಲು ಬಂದದ್ದು ಬೆಂಗಳೂರಿಗಲ್ಲ, ಹಳ್ಳಿಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಅನ್ನುವ ಉಪಗ್ರಹ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದರು. ನಮ್ಮ ಪಾಲಿಗೆ ಬಂದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೇಸಾಯ, ಆರೋಗ್ಯ, ಮಕ್ಕಳಿಗೆ ಪಾಠ, ಎಲ್ಲವೂ ಕನ್ನಡದಲ್ಲಿ. ಊರಿಗೊಂದು ಸೆಟ್, ಅದರ ಮುಂದೆ ಇಡೀ ಊರು. ವರ್ಷ ಮುಗಿಯಿತು, ಉಪಗ್ರಹ ಅದರ ಒಡೆಯರ ಕೈಗೆ ವಾಪಸು ಹೋಯಿತು. ಅಂದು ನೆಲದ ಮೇಲೆ ಕೂತು ನೋಡಿದ ಮಕ್ಕಳಿಗೆ ಈಗ ಅರವತ್ತರ ಆಸುಪಾಸು. ನಾವು ಶಕ್ತಿಮಾನ್ ಹುಡುಕಿದ ಹಾಗೆ ಅವರು ಆ ಪಾಠಗಳನ್ನು ಯೂಟ್ಯೂಬಿನಲ್ಲಿ ಹುಡುಕುತ್ತ ಕೂತರೆ ಸಿಗುವುದು ಕಷ್ಟ.

ಆಮೇಲಿನ ಕಥೆ ದೆಹಲಿಯದ್ದು. 1982ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಅದೇ ವರ್ಷ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ಬಣ್ಣವೂ ಬಂತು. ಮಾರನೇ ವರ್ಷ ಇನ್ಸಾಟ್-1ಬಿ ಮೇಲೇರಿತು. 1984ರಲ್ಲಿ ಕೆಲವು ತಿಂಗಳು ದೇಶದಲ್ಲಿ ಹೆಚ್ಚುಕಡಿಮೆ ದಿನಕ್ಕೊಂದು ಟ್ರಾನ್ಸ್‌ಮಿಟರ್ ನಿಲ್ಲಿಸುತ್ತ ಹೋದರು. ಇವು ಹೆಚ್ಚಿನವು ಸಣ್ಣ ಶಕ್ತಿಯವು. ಉಪಗ್ರಹದಿಂದ ದೆಹಲಿಯದ್ದನ್ನು ಹಿಡಿದು ಸುತ್ತಲಿನ ಊರುಗಳಿಗೆ ಹಂಚುವುದಷ್ಟೇ ಇವುಗಳ ಕೆಲಸ. ಬೆಂಗಳೂರಿನವರಿಗೆ ಸಂಜೆ ಕನ್ನಡ ವಾರ್ತೆ, ಚಿತ್ರಮಂಜರಿ, ವಾರಕ್ಕೊಂದು ಕನ್ನಡ ಸಿನಿಮಾ. ನಮ್ಮಂಥ ಗುಡ್ಡದ ಹಿಂದಿನ ಊರುಗಳಿಗೆ ದೆಹಲಿ ಹತ್ತಿರ, ಬೆಂಗಳೂರು ದೂರ!

ನಮ್ಮ ಊರಲ್ಲಿ ಮೊದಲು ಟಿವಿ ಬಂದದ್ದು ಶಾನುಭೋಗರ ಮನೆಗೆ. ಮರದ ಪೆಟ್ಟಿಗೆ, ಮುಂದೆ ಎಳೆಯುವ ಬಾಗಿಲು, ಬಾಗಿಲಿಗೆ ಬೀಗ. ಆಂಟೆನಾವನ್ನು ಅಡಿಕೆ ಮರದ ತುದಿಗೆ ಕಟ್ಟಿದ್ದರು. ಗಾಳಿ ಬಂದರೆ ಮರ ತೂಗುತ್ತಿತ್ತು, ಮರದ ಜೊತೆ ಚಿತ್ರವೂ ತೂಗುತ್ತಿತ್ತು. ಕೊನೆ ಕೊಯ್ಯುವ ಆಳು ಮರ ಹತ್ತಿ ಆಂಟೆನಾ ತಿರುಗಿಸುವುದು, ಅಂಗಳದಲ್ಲಿ ಒಬ್ಬ, ಕಿಟಕಿಯಲ್ಲಿ ಒಬ್ಬ, ಟಿವಿ ಮುಂದೆ ಒಬ್ಬ. “ಬಂತಾ?” “ಬಂತು ಬಂತು... ಹೋಯ್ತು!” ಸಾಲಾಗಿ ಈ ಮಾತು ಮರದ ತುದಿಗೆ ಮುಟ್ಟುವ ಹೊತ್ತಿಗೆ ಚಿತ್ರ ಮತ್ತೆ ಬಂದಿರುತ್ತಿತ್ತು. ಅವನು ಮತ್ತೆ ತಿರುಗಿಸಿಬಿಡುತ್ತಿದ್ದ.

ರಾಮಾಯಣ ಶುರುವಾದದ್ದು 1987ರ ಜನವರಿ 25ರಂದು. ಅದಕ್ಕೆ ಭಾಷೆಯ ತೊಂದರೆ ಇರಲಿಲ್ಲ, ಕಥೆ ಎಲ್ಲರಿಗೂ ಗೊತ್ತಿತ್ತಲ್ಲ. ಶಾನುಭೋಗರ ಅಮ್ಮ ಅಂತೂ ಮುಂದಿನ ವಾರ ಏನಾಗುತ್ತದೆ ಅಂತ ಈ ವಾರವೇ ಹೇಳಿಬಿಡುತ್ತಿದ್ದರು. ಮಹಾಭಾರತವೂ ಅಷ್ಟೇ. ಮಾತು ಹಿಂದಿಯದ್ದಾದರೂ ಕಿವಿಗೆ ಯಕ್ಷಗಾನದ ಪ್ರಸಂಗವೇ ಕೇಳಿಸುತ್ತಿತ್ತು. ಕಷ್ಟವಾದದ್ದು ಮಾಲ್ಗುಡಿಗೆ.

ಎಂಥ ವಿಚಿತ್ರ ನೋಡಿ. ಬರೆದವರು ಮೈಸೂರಿನಲ್ಲಿದ್ದ ಆರ್.ಕೆ. ನಾರಾಯಣ್. ಶೀರ್ಷಿಕೆಯ ಚಿತ್ರ ಅವರ ತಮ್ಮ ಲಕ್ಷ್ಮಣ್ ಅವರದ್ದು. ನಿರ್ದೇಶಕ ಶಂಕರ್ ನಾಗ್, ನಿರ್ಮಾಪಕ ಟಿ.ಎಸ್. ನರಸಿಂಹನ್. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಹಲವು ಕಥೆಗಳಲ್ಲಿ ಅನಂತ್ ನಾಗ್. ಚಿತ್ರೀಕರಣ ಆಗುಂಬೆಯಲ್ಲಿ, ಅಲ್ಲಿನ ದೊಡ್ಡಮನೆಯ ಜಗಲಿಯಲ್ಲಿ. ರೈಲು ನಿಲ್ದಾಣ ಶಿವಮೊಗ್ಗ ಜಿಲ್ಲೆಯ ಅರಸಾಳು. ಇಷ್ಟೆಲ್ಲ ನಮ್ಮದು, ಮಾತು ಮಾತ್ರ ಹಿಂದಿ. ರಾಷ್ಟ್ರೀಯ ಜಾಲಕ್ಕೆ ಮಾಡಿದ್ದರಿಂದ ಹಾಗೇ ಆಗಬೇಕಿತ್ತು.

ಆಗುಂಬೆಯಿಂದ ಎರಡು ಮೂರು ಗಂಟೆ ದೂರದ ಊರಿನವಳಾದ ಅಮ್ಮನಿಗೆ ಪರದೆಯ ಮೇಲಿನ ಎಲ್ಲವೂ ಗೊತ್ತು. ಹೆಂಚಿನ ಮಾಡು, ಮರದ ಕಂಬ, ಮಳೆ ನೀರು ಇಳಿಯುವ ಅಂಗಳ. ಆ ಜಗಲಿಯ ಮೇಲೆ ಕೂತವರು ಏನು ಮಾತಾಡುತ್ತಿದ್ದಾರೆ ಅನ್ನುವುದೊಂದು ಗೊತ್ತಿಲ್ಲ. ಆದರೂ ಯಾರೂ ಎದ್ದುಹೋಗುತ್ತಿರಲಿಲ್ಲ. ಎಲ್. ವೈದ್ಯನಾಥನ್ ಅವರ ಆ ‘ತಾನಾನ’ ರಾಗ ಕೇಳಿದರೆ ಸಾಕು, ಒಲೆ ಮೇಲಿನ ಹಾಲು ಉಕ್ಕಿದರೂ ಗಮನವಿಲ್ಲ. ಎಂಟನೇ ಕ್ಲಾಸಿನ ಒಬ್ಬ ಹುಡುಗ ಹಿಂದಿ ಬಲ್ಲವನೆಂಬ ಹೆಗ್ಗಳಿಕೆಯಿಂದ ಅನುವಾದ ಮಾಡುತ್ತಿದ್ದ. ಅರ್ಧ ಅವನೇ ಕಟ್ಟಿ ಹೇಳುತ್ತಿದ್ದ ಅಂತ ಈಗ ಅನಿಸುತ್ತದೆ. ಬಹುಶಃ ಆ ಫೇಲಾದ ಕಥೆಯೂ ಅವನದ್ದೇ.

ಹಾಗಾದರೆ ಮೂವತ್ತು ವರ್ಷ ಇದನ್ನು ಕನ್ನಡಕ್ಕೆ ಯಾರೂ ಯಾಕೆ ತರಲಿಲ್ಲ? ಇಲ್ಲಿ ಡಬ್ಬಿಂಗ್ ವಿಷಯ ಬರುತ್ತದೆ. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಇನ್ನೂ ಕಾಲೂರುತ್ತಿದ್ದಾಗ, ಬೇರೆ ಭಾಷೆಯ ಸಿನಿಮಾ ಡಬ್ ಆಗಿ ಬಂದರೆ ನಮ್ಮವರಿಗೆ ಕೆಲಸವಿರುವುದಿಲ್ಲ ಅಂತ ಚಳವಳಿ ನಡೆಯಿತು. ಅ.ನ. ಕೃಷ್ಣರಾಯರಂಥ ಲೇಖಕರು, ರಾಜಕುಮಾರ್ ಅವರಂಥ ನಟರು ಜೊತೆಗಿದ್ದರು. ಕಾನೂನೇನೂ ಬರಲಿಲ್ಲ, ಆದರೆ ಕಾನೂನಿಗಿಂತ ಗಟ್ಟಿಯಾದ ಕಟ್ಟುಪಾಡು ಬಂತು. ಅದು ಟಿವಿಗೂ ಹಬ್ಬಿತು. 2012ರಲ್ಲಿ ಆಮಿರ್ ಖಾನ್ ಅವರ ‘ಸತ್ಯಮೇವ ಜಯತೆ’ ಬೇರೆ ಭಾಷೆಗಳಲ್ಲಿ ಬಂದರೂ ಕನ್ನಡದಲ್ಲಿ ಬರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ತಪ್ಪು ಅಂತ ಹೇಳಿ, ಚಲನಚಿತ್ರ ವಾಣಿಜ್ಯ ಮಂಡಳಿ ಸೇರಿ ಕೆಲವು ಸಂಘಗಳಿಗೆ ದಂಡ ಹಾಕಿತು. ಆಗಲೂ ಎಲ್ಲರೂ ಒಮ್ಮೆಗೇ ಮುನ್ನುಗ್ಗಲಿಲ್ಲ.

ಆ ಚಳವಳಿಯನ್ನು ಸುಮ್ನೆ ತಳ್ಳಿಹಾಕುವ ಮನಸ್ಸು ನನಗಿಲ್ಲ. ಆ ಕಾಲಕ್ಕೆ ಅದು ಬೇಕಿತ್ತೇನೋ. ಆದರೆ ಮಕ್ಕಳ ಮಟ್ಟಿಗೆ ನೋಡಿದರೆ ಪೆಟ್ಟು ಬಿದ್ದದ್ದು ನಿಜ. ತೊಂಬತ್ತರ ದಶಕದಲ್ಲಿ ಬೆಳೆದ ಕನ್ನಡದ ಹುಡುಗರನ್ನು ಕೇಳಿ ನೋಡಿ. ಮೋಗ್ಲಿ ಹಿಂದಿಯಲ್ಲಿ ಮಾತಾಡಿದ, ಶಕ್ತಿಮಾನ್ ಕೂಡ ಹಿಂದಿ. ಕಾಡಿನ ಹುಡುಗ ಹಿಂದಿ ಮಾತಾಡಿದರೆ ನಮಗೇನೂ ಅನಿಸಲಿಲ್ಲ. ನಮ್ಮ ಪಕ್ಕದ ಊರಿನ ಜಗಲಿ ಹಿಂದಿ ಮಾತಾಡಿದ್ದು ಮಾತ್ರ ಬೇರೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಚಿತ್ರೀಕರಣ ನಿಂತಿತು. ಚಾನೆಲ್‌ಗಳ ಬಳಿ ಇದ್ದ ಕಂತುಗಳು ಕೆಲವೇ ದಿನಕ್ಕೆ ಖಾಲಿ. ದೂರದರ್ಶನ ಮಾರ್ಚ್ 28ರಿಂದ ರಾಮಾಯಣ ಮರುಪ್ರಸಾರ ಶುರು ಮಾಡಿತು. ಏಪ್ರಿಲ್ 16ರ ಕಂತನ್ನು 7.7 ಕೋಟಿ ಜನ ನೋಡಿದರು, ಇದು ವಿಶ್ವದಾಖಲೆ ಅಂತ ಅದು ಹೇಳಿಕೊಂಡಿತು. ದಾಖಲೆಯ ಮಾತಿಗೆ ಆಕ್ಷೇಪಗಳೂ ಬಂದವು. ಕನ್ನಡದ ಖಾಸಗಿ ಚಾನೆಲ್‌ಗಳಿಗೆ ಮಾತ್ರ ಇದೇ ಸಮಯ ಡಬ್ಬಿಂಗಿನ ಬಾಗಿಲಾಯಿತು. ಸ್ಟಾರ್ ಸುವರ್ಣದಲ್ಲಿ ಮಹಾಭಾರತ ಕನ್ನಡದಲ್ಲಿ ಬಂತು, ಜೀ ಕನ್ನಡದಲ್ಲಿ ಮಾಲ್ಗುಡಿ. ಐವತ್ತು ವರ್ಷದ ಕಟ್ಟುಪಾಡನ್ನು ಕೊನೆಗೆ ಅಲುಗಾಡಿಸಿದ್ದು ಒಂದು ವೈರಸ್ಸು.

ಮತ್ತೆ ನೋಡಬೇಕು ಅಂದರೆ ಮೊದಲು ಅದು ಉಳಿದಿರಬೇಕು. ಆ ಕಾಲದ ವಿಡಿಯೋ ಟೇಪು ದುಬಾರಿ. ಪ್ರಸಾರ ಆದ ಮೇಲೆ ಅದರ ಮೇಲೇ ಇನ್ನೊಂದನ್ನು ರೆಕಾರ್ಡ್ ಮಾಡುವುದು ಜಗತ್ತಿನ ಎಲ್ಲ ಕಡೆ ಇದ್ದ ರೂಢಿ. ಬಿಬಿಸಿಯಂಥ ಬಿಬಿಸಿಯೇ ‘ಡಾಕ್ಟರ್ ಹೂ’ ಧಾರಾವಾಹಿಯ ಹಳೆಯ ಕಂತುಗಳನ್ನು ಅಳಿಸಿ, ಎಸೆದು, ಇಂದಿಗೂ 90ಕ್ಕೂ ಹೆಚ್ಚು ಕಂತು ಸಿಗದೆ ಕೂತಿದೆ. ಕಳೆದುಹೋದ ಕೆಲವು ಕಂತುಗಳು ನೈಜೀರಿಯಾದ ಟಿವಿ ಕೇಂದ್ರವೊಂದರಲ್ಲಿ ಸಿಕ್ಕವು ಅಂತ 2013ರಲ್ಲಿ ಸುದ್ದಿಯಾಯಿತು. ನಮ್ಮಲ್ಲಿ ಇನ್ನೊಂದು ಬಗೆಯ ಸಂಗ್ರಹಾಲಯ ಇತ್ತು. ದುಬೈಯಿಂದ ಬಂದ ಚಿಕ್ಕಪ್ಪ ತಂದ ವಿಸಿಆರ್, ಮದುವೆ ಕ್ಯಾಸೆಟ್ಟಿನ ಕೊನೆಯಲ್ಲಿ ಉಳಿದ ಜಾಗ, ಅದರಲ್ಲಿ ಅರ್ಧ ಕಂತು. 2005ರಲ್ಲಿ ಯೂಟ್ಯೂಬ್ ಬಂದ ಮೇಲೆ ಇಂಥವೆಲ್ಲ ಅಟ್ಟದಿಂದ ಇಳಿದವು. ಶುರುವಿನಲ್ಲಿ ಹತ್ತು ನಿಮಿಷದ ಮಿತಿ ಇದ್ದದ್ದರಿಂದ ಭಾಗ ಒಂದು, ಭಾಗ ಎರಡು ಅಂತ ತುಂಡು ತುಂಡಾಗಿ. ಭಾಗ ಮೂರು ಯಾವಾಗಲೂ ಇರುತ್ತಿರಲಿಲ್ಲ.

‘ಗುಡ್ಡದ ಭೂತ’ವನ್ನು ನಾನು ಮತ್ತೆ ನೋಡಿದ್ದು ಯೂಟ್ಯೂಬಿನಲ್ಲೇ. ಸದಾನಂದ ಸುವರ್ಣ ನಿರ್ದೇಶಿಸಿದ, ತುಳುನಾಡಿನ ಕಥೆಯ ಕನ್ನಡ ಧಾರಾವಾಹಿ, ಪ್ರಕಾಶ್ ರೈ ಇನ್ನೂ ದೊಡ್ಡ ಹೆಸರಾಗುವ ಮೊದಲಿನದ್ದು. ಮಗುವಾಗಿದ್ದಾಗ ಅದರ ‘ಡೆನ್ನಾನ’ ಹಾಡು ಬಂದರೆ ನಾನು ಕಂಬಳಿಯ ಒಳಗೆ. ಬಚ್ಚಲಿಗೆ ಹೋಗಲು ಜೊತೆಗೆ ಜನ ಬೇಕಿತ್ತು. ಈಗ ನೋಡಿದರೆ ಹೆದರಿಕೆ ಇಲ್ಲ. ಹೆದರಿಸುತ್ತಿದ್ದದ್ದು ಬರೀ ಕತ್ತಲೆ, ಒಂದು ಲಾಟೀನು, ಚಿತ್ರದ ಮೇಲೆ ಕುಣಿಯುವ ಚುಕ್ಕಿಗಳು. ಆ ಚುಕ್ಕಿಗಳಲ್ಲಿ ಅರ್ಧ ನಮ್ಮ ಆಂಟೆನಾದ್ದು, ಅವರದ್ದಲ್ಲ. ಸ್ಪಷ್ಟ ಚಿತ್ರದಲ್ಲಿ ಭೂತಕ್ಕೆ ಅಡಗಲು ಜಾಗ ಕಡಿಮೆ. ಶಕ್ತಿಮಾನ್ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅದನ್ನು ನೆನಪಿನಲ್ಲೇ ಬಿಡಿ, ಮತ್ತೆ ನೋಡಬೇಡಿ.

ಮಾಲ್ಗುಡಿ ಹಾಗಲ್ಲ. ಅದು ದೊಡ್ಡವರಾದ ಮೇಲೆ ಜಾಸ್ತಿ ಸಿಗುತ್ತದೆ. ಆಗ ನಾನು ನೋಡಿದ್ದು ಬೆಂಚಿನ ಕೆಳಗೆ ಮುದುಡಿ ಮಲಗಿದ ಹುಡುಗನನ್ನು, ಅವನು ಕಳ್ಳನ ಕಾಲು ಕಚ್ಚಿದ್ದನ್ನು. ಈಗ ಕಣ್ಣು ಹೋಗುವುದು ಅಪ್ಪನ ಕಡೆ. ಸವಾಲು ಹಾಕಿಬಿಟ್ಟಿದ್ದಾರೆ, ಮಗ ಅಜ್ಜಿಯ ಮಗ್ಗುಲಿಗೆ ನುಸುಳಿ ನಿದ್ದೆ ಬಂದವನಂತೆ ನಟಿಸುತ್ತಿದ್ದಾನೆ, ಅಜ್ಜಿ ಬೇಡ ಅನ್ನುತ್ತಿದ್ದಾರೆ. ಅಷ್ಟು ದೂರ ಬಂದ ಮೇಲೆ ಅಪ್ಪ ಅನ್ನಿಸಿಕೊಂಡವರಿಗೆ ಹಿಂದೆ ಸರಿಯುವುದು ಹೇಗೆ? ನನ್ನ ಮಗಳಿಗೆ ಈಜು ಕಲಿಸಲು ಹೋದ ದಿನ ಇದೇ ಪಾಡು ಪಟ್ಟಿದ್ದೇನೆ. ಅಮ್ಮನ ಕಣ್ಣು ಇನ್ನೆಲ್ಲೋ. “ಈ ವೈಶಾಲಿ ಹೋಗಿ ಎಷ್ಟು ವರ್ಷ ಆಯ್ತು?” ಅಂದಳು. ವೈಶಾಲಿ ಕಾಸರವಳ್ಳಿ 2010ರಲ್ಲಿ, ಕಾರ್ನಾಡರು 2019ರಲ್ಲಿ. ಶಂಕರ್ ನಾಗ್ ಅಂತೂ 1990ರಲ್ಲೇ, ದಾವಣಗೆರೆ ಹತ್ತಿರದ ಅಪಘಾತದಲ್ಲಿ, ಮೂವತ್ತೈದರ ವಯಸ್ಸಿಗೆ. ಅವರು ಇಲ್ಲದ ಮೇಲೆ ಇನ್ನೊಂದಿಷ್ಟು ಕಂತುಗಳನ್ನು ಕವಿತಾ ಲಂಕೇಶ್ ಮಾಡಿದರು, 2006ರ ಹೊತ್ತಿಗೆ. ಅರಸಾಳು ನಿಲ್ದಾಣದಲ್ಲಿ 2020ರಲ್ಲಿ ಮಾಲ್ಗುಡಿ ಹೆಸರಿನ ಸಂಗ್ರಹಾಲಯವೂ ಆಯಿತು.

ಕನ್ನಡದ ಮಾಲ್ಗುಡಿಯನ್ನು ಅಮ್ಮ ಒಂದು ವಾರ ನೋಡಿದಳು. ಅವಳ ಎಷ್ಟೋ ಹಳೆಯ ಅನುಮಾನಗಳು ಬಗೆಹರಿದವು. ಎಂಟನೇ ದಿನ ನನ್ನನ್ನು ಕರೆದಳು.

“ಇದು ಮೊಬೈಲಲ್ಲಿ ಹಿಂದೀದು ಸಿಗ್ತದಾ?”

“ಸಿಗ್ತದೆ. ಯಾಕೆ, ಈಗ ಅರ್ಥ ಆಗ್ತಿದೆಯಲ್ಲ?”

“ಅರ್ಥ ಎಲ್ಲ ಆಯ್ತು. ಆದ್ರೆ ಆ ಹುಡುಗನ ದನಿ ಇದಲ್ಲ ಮಾರಾಯಾ. ಅದನ್ನೇ ಹಾಕು.”

ಹಾಕಿಕೊಟ್ಟೆ. ಮೊಬೈಲನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿಕೊಂಡು ಕೂತಳು. ಒಂದಕ್ಷರವೂ ಬಾರದ ಹಿಂದಿಯಲ್ಲಿ ಸ್ವಾಮಿ ಏನೋ ಅಂದ. ಅಮ್ಮ ಅವನಿಗಿಂತ ಒಂದು ಗಳಿಗೆ ಮೊದಲೇ ನಕ್ಕಳು.