ಲಿವರ್ ಫ್ಲೂಕ್ ಬರುವುದು ಕುರಿಯ ಲಿವರಿನಿಂದಲ್ಲ, ನೀರಂಚಿನ ಹಸಿ ಎಲೆಯಿಂದ

ಓದುಗರ ಪ್ರಶ್ನೆ: ಮನೆಗೆ ತಂದ ಕುರಿಯ ಲಿವರ್ ಕೊಯ್ದಾಗ ಎಲೆಯಾಕಾರದ ಚಪ್ಪಟೆ ಹುಳುಗಳು ಕಂಡವು. ಅದನ್ನು ತಿಂದರೆ ನಮಗೂ ಹುಳು ಬರುತ್ತದೆಯೇ? ಸೊಪ್ಪಿನಿಂದ ಬರುತ್ತದೆ ಎಂದೂ ಕೆಲವರು ಹೇಳುತ್ತಾರೆ. ಕುರಿಯ ಹುಳುವಿಗೂ ಸೊಪ್ಪಿಗೂ ಏನು ಸಂಬಂಧ?

ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. "ಲಿವರಿನಿಂದ ಬರುವುದಿಲ್ಲ, ಹಸಿ ಸೊಪ್ಪಿನಿಂದ ಬರುತ್ತದೆ" ಎಂಬ ಒಂದು ಸಾಲಿನ ಉತ್ತರವನ್ನು ಯಾರೂ ನಂಬುವಂತೆ ಕಾಣುವುದಿಲ್ಲವಾದ್ದರಿಂದ, ಈ ಸಲ ಹುಳುವಿನ ಜೊತೆಗೇ ಅದರ ದಾರಿಯುದ್ದಕ್ಕೂ ಹೋಗಿ ನೋಡೋಣ.

ನೀವು ಕಂಡದ್ದು ಲಿವರ್ ಫ್ಲೂಕ್, ಅಂದರೆ ಫ್ಯಾಸಿಯೋಲಾ ಜಾತಿಯ ಹುಳು. ತಂಪು ಪ್ರದೇಶಗಳ ಫ್ಯಾಸಿಯೋಲಾ ಹೆಪಾಟಿಕಾ ಸುಮಾರು 3 ಸೆಂಟಿಮೀಟರ್ ಉದ್ದವಿದ್ದರೆ, ನಮ್ಮ ಕಡೆಯ ದನ, ಎಮ್ಮೆ, ಕುರಿಗಳಲ್ಲಿ ಹೆಚ್ಚಾಗಿ ಕಾಣುವ ಫ್ಯಾಸಿಯೋಲಾ ಜೈಗ್ಯಾಂಟಿಕಾ 7 ಸೆಂಟಿಮೀಟರಿನವರೆಗೂ ಬೆಳೆಯುತ್ತದೆ. ಬಲಿತ ಹುಳು ಪಿತ್ತನಾಳದೊಳಗೆ ಕುಳಿತು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಅವು ಪಿತ್ತರಸದೊಂದಿಗೆ ಕರುಳಿಗೆ ಇಳಿದು ಸಗಣಿ, ಹಿಕ್ಕೆಗಳೊಂದಿಗೆ ಹೊರಬೀಳುತ್ತವೆ. ಒಣ ನೆಲದಲ್ಲಿ ಬಿದ್ದ ಮೊಟ್ಟೆಯ ಕಥೆ ಅಲ್ಲಿಗೇ ಮುಗಿಯಿತು. ಕೆರೆಯಂಚಿನಲ್ಲೋ, ಕಾಲುವೆಯಲ್ಲೋ, ನೀರು ನಿಂತ ಗದ್ದೆಯಲ್ಲೋ ಬಿದ್ದದ್ದು ಮಾತ್ರ, ಬೆಚ್ಚಗಿನ ವಾತಾವರಣದಲ್ಲಿ ಸುಮಾರು ಎರಡು ವಾರಕ್ಕೆ ಒಡೆದು, ಬರಿಗಣ್ಣಿಗೆ ಕಾಣದ ಮರಿಯೊಂದನ್ನು ನೀರಿಗೆ ಬಿಡುತ್ತದೆ. ಆ ಮರಿ ಹೆಚ್ಚೆಂದರೆ ಒಂದು ದಿನದೊಳಗೆ ಲಿಮ್ನಿಯಾ ಗುಂಪಿನ ಸಿಹಿನೀರಿನ ಬಸವನಹುಳುವೊಂದನ್ನು ಹುಡುಕಿ ಅದರ ಮೈಯೊಳಗೆ ಹೊಕ್ಕಬೇಕು, ಇಲ್ಲವಾದರೆ ಸಾಯುತ್ತದೆ. ಹೊಕ್ಕರೆ ಅಲ್ಲಿ ಒಂದು ನೂರಾರಾಗುತ್ತದೆ. ಕೆಲವು ವಾರಗಳ ನಂತರ ಬಾಲವಿರುವ ಮರಿಗಳು ಬಸವನಹುಳುವಿನಿಂದ ಹೊರಬಂದು ಈಜಿ, ಹತ್ತಿರದ ಹುಲ್ಲು, ಎಲೆ, ದಂಟುಗಳನ್ನು ಹಿಡಿದು, ಬಾಲ ಕಳಚಿಕೊಂಡು, ಸುತ್ತಲೂ ಗಟ್ಟಿ ಕೋಶ ಕಟ್ಟಿಕೊಂಡು ಕಾಯುತ್ತಾ ಕೂರುತ್ತವೆ. ಒಂದೊಂದು ಕೋಶ ಸುಮಾರು ಕಾಲು ಮಿಲಿಮೀಟರಿನದು. ತೇವವಿದ್ದರೆ ತಿಂಗಳುಗಟ್ಟಲೆ ಬದುಕಿರುತ್ತದೆ. ಮೇಯುವ ಕುರಿಗೆ ರೋಗ ಬರುವುದು ಈ ಕೋಶದಿಂದ. ಮನುಷ್ಯನಿಗೂ ಇದರಿಂದಲೇ. 1880ರ ದಶಕದ ಆರಂಭದಲ್ಲಿ ಜರ್ಮನಿಯ ಲ್ಯೂಕಾರ್ಟ್ ಮತ್ತು ಇಂಗ್ಲೆಂಡಿನ ಥಾಮಸ್ ಒಬ್ಬರ ಹಂಗಿಲ್ಲದೆ ಇನ್ನೊಬ್ಬರು ಈ ದಾರಿಯನ್ನು ಬಿಡಿಸಿ ತೋರಿಸಿದರು. ಅದು ಗೊತ್ತಾಗಿ ಸುಮಾರು 140 ವರ್ಷವಾಗಿದೆ ಎಂಬುದನ್ನು ಒತ್ತಿ ಹೇಳಬೇಕಾಗಿದೆ.

ಈಗ ಲಿವರಿನ ವಿಚಾರ. ಬೇಯಿಸಿದ ಲಿವರಿನಲ್ಲಿ ಹುಳುವೂ ಸತ್ತಿರುತ್ತದೆ, ಮೊಟ್ಟೆಯೂ ಸತ್ತಿರುತ್ತದೆ. "ಸರಿಯಾಗಿ ಬೇಯದಿದ್ದರೆ?" ಎಂಬುದು ತಪ್ಪದೆ ಬರುವ ಮರುಪ್ರಶ್ನೆ. ಮೊಟ್ಟೆ ಜೀವಂತವಾಗಿಯೇ ಹೊಟ್ಟೆಗೆ ಹೋಯಿತೆಂದುಕೊಳ್ಳಿ. ಅದು ಮರಿಯಾಗಲು ನೀರು ಬೇಕು, ಮರಿ ಬೆಳೆಯಲು ಬಸವನಹುಳು ಬೇಕು, ಅಲ್ಲಿಂದ ಬಂದದ್ದು ಕೋಶ ಕಟ್ಟಲು ಗಿಡ ಬೇಕು. ನಿಮ್ಮ ಕರುಳಿನಲ್ಲಿ ಈ ಮೂರರಲ್ಲಿ ಒಂದೂ ಸಿಗದ ಆ ಮೊಟ್ಟೆ, ತಿಂದ ಜೋಳದ ಸಿಪ್ಪೆಯಂತೆ, ಹೇಗೆ ಹೋಯಿತೋ ಹಾಗೆಯೇ ಹೊರಗೆ ಬರುತ್ತದೆ. ಲಿವರ್ ಕೊಯ್ದ ಕೈಯಿಂದಾಗಲಿ, ರೋಗಿಯ ಜೊತೆ ಉಂಡದ್ದರಿಂದಾಗಲಿ ಈ ರೋಗ ಅಂಟದಿರುವುದಕ್ಕೂ ಇದೇ ಕಾರಣ.

ಈ ಮೂಢನಂಬಿಕೆ ಗಟ್ಟಿಯಾಗಿ ಉಳಿದಿರುವುದಕ್ಕೆ ಪ್ರಯೋಗಾಲಯದ ವರದಿಯೂ ಕಾರಣವಾಗುತ್ತದೆ. ಹುಳುವಿದ್ದ ಲಿವರ್ ತಿಂದ ಒಂದೆರಡು ದಿನದಲ್ಲಿ ಬೇರೆ ಯಾವುದೋ ಹೊಟ್ಟೆನೋವಿಗಾಗಿ ಮಲಪರೀಕ್ಷೆ ಮಾಡಿಸಿದರೆ, ಸುಮ್ಮನೆ ದಾಟಿಹೋಗುತ್ತಿರುವ ಆ ಮೊಟ್ಟೆಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. "ನೋಡಿ, ಲಿವರ್ ತಿಂದೆ, ಹುಳು ಬಂತು" ಎಂದು ರೋಗಿ ತೀರ್ಮಾನಿಸಿಬಿಡುತ್ತಾನೆ. ಆದರೆ ಕೋಶ ನುಂಗಿದ ದಿನದಿಂದ ಹುಳು ಬಲಿತು ಮೊಟ್ಟೆ ಇಡಲು ಮೂರರಿಂದ ನಾಲ್ಕು ತಿಂಗಳು ಬೇಕು! ನಿನ್ನೆಯ ಊಟ ಇಂದು ಮೊಟ್ಟೆಯಾಗಿ ಕಾಣುವುದಾದರೂ ಹೇಗೆ? ಬಲ್ಲ ವೈದ್ಯರು ಕೆಲವು ದಿನ ಲಿವರ್ ಬಿಡಿಸಿ ಮತ್ತೆ ಪರೀಕ್ಷೆ ಮಾಡಿಸುತ್ತಾರೆ. ರೋಗವಿಲ್ಲದಿದ್ದರೆ ಮೊಟ್ಟೆಯೂ ಮಾಯವಾಗಿರುತ್ತದೆ.

ರೋಗ ಎಲ್ಲೆಲ್ಲಿ ಜನರನ್ನು ಹಿಡಿದಿದೆ ಎಂದು ನೋಡಿದರೂ ಸಿಗುವ ಸಾಕ್ಷಿ ಇದೇ. ಫ್ರಾನ್ಸಿನಲ್ಲಿ ಅದು ಹರಿವ ನೀರಿನಲ್ಲಿ ಬೆಳೆದು ಹಸಿಯಾಗಿ ತಿನ್ನುವ ವಾಟರ್‌ಕ್ರೆಸ್ ಸೊಪ್ಪಿನಿಂದ ಬಂತು. ಇರಾನಿನ ಗಿಲಾನ್ ಪ್ರಾಂತ್ಯದಲ್ಲಿ 1989ರಲ್ಲಿ ಸಾವಿರಾರು ಜನರಿಗೆ ಒಮ್ಮೆಲೇ ರೋಗ ಬಂದಾಗ ಸಂಶಯ ಹೋದದ್ದು ಅಲ್ಲಿನವರು ಹಸಿಯಾಗಿ ತಿನ್ನುವ ಕಾಡುಸೊಪ್ಪುಗಳ ಮೇಲೆ. ಬೊಲಿವಿಯಾದ ಎತ್ತರದ ಬಯಲಿನಲ್ಲಿ ಕುರಿ ಮೇಯುವ ಜೌಗಿನ ಸಸ್ಯಗಳನ್ನು ಮಕ್ಕಳೂ ಕಿತ್ತು ತಿನ್ನುತ್ತಾರೆ. ಜಗತ್ತಿನ 70ಕ್ಕೂ ಹೆಚ್ಚು ದೇಶಗಳಲ್ಲಿ ಕನಿಷ್ಠ 24 ಲಕ್ಷ ಜನರಿಗೆ ಈ ಸೋಂಕಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮಾಂಸವನ್ನೇ ಮುಟ್ಟದವರೂ ಹಸಿ ಎಲೆಯಿಂದ ಇದನ್ನು ಪಡೆಯಬಲ್ಲರು.

ನುಂಗಿದ ಕೋಶ ಸಣ್ಣಕರುಳಿನ ಆರಂಭದಲ್ಲಿ ಒಡೆಯುತ್ತದೆ. ಮರಿ ಕರುಳಿನ ಗೋಡೆ ಕೊರೆದು ಹೊಟ್ಟೆಯ ಪೊಳ್ಳಿಗೆ ಇಳಿದು, ಲಿವರಿನ ಹೊರಮೈಯಿಂದ ಒಳನುಗ್ಗಿ, ಅಂಗಾಂಶವನ್ನು ಕೊರೆಯುತ್ತಾ ಪಿತ್ತನಾಳ ತಲುಪುತ್ತದೆ. ಜ್ವರ, ಬಲ ಪಕ್ಕೆಯ ಕೆಳಗೆ ನೋವು, ಮೈಮೇಲೆ ದದ್ದು, ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳ ಏರಿಕೆ ಈ ಹಂತದವು, ಆದರೆ ಮಲದಲ್ಲಿ ಇನ್ನೂ ಮೊಟ್ಟೆ ಸಿಗದು. ಮುಂದೆ ಪಿತ್ತನಾಳ ಕಟ್ಟಿಕೊಂಡು ಕಾಮಾಲೆಯೂ ಬರಬಹುದು. ಜಂತುಹುಳುವಿಗೆಂದು ಮಕ್ಕಳಿಗೆ ಕೊಡುವ ಅಲ್ಬೆಂಡಜೋಲ್ ಮಾತ್ರೆ ಇದಕ್ಕೆ ನಾಟುವುದಿಲ್ಲ. ಇದರ ಔಷಧ ಟ್ರೈಕ್ಲಾಬೆಂಡಜೋಲ್, ಅದನ್ನು ವೈದ್ಯರೇ ಕೊಡಬೇಕು.

ತೊಳೆದರೆ ಸಾಲದೆ ಎನ್ನುವವರಿಗೆ: ತೊಳೆಯುವುದು ಒಳ್ಳೆಯದು, ಆದರೆ ಅಂಟಿಕೊಂಡ ಕೋಶಗಳೆಲ್ಲ ನಲ್ಲಿ ನೀರಿಗೆ ಬಿಟ್ಟುಕೊಳ್ಳುವುದಿಲ್ಲ, ಅಡುಗೆಮನೆಯ ಉಪ್ಪುನೀರನ್ನೂ ನೆಚ್ಚುವಂತಿಲ್ಲ. ಬೇಯಿಸಿದರೆ ಭಯವಿಲ್ಲ. ನಮ್ಮಲ್ಲಿ ಮನುಷ್ಯರಿಗೆ ಈ ರೋಗ ಅಪರೂಪವಾಗಿರುವುದಕ್ಕೆ ಮಸ್ಸೊಪ್ಪು, ಬಸ್ಸಾರು, ಪಲ್ಯಗಳ ಅಡುಗೆ ಪದ್ಧತಿಯೂ ಒಂದು ಕಾರಣವೆಂದು ನಾನು ತಿಳಿಯುತ್ತೇನೆ. ಒಂದೆಲಗದ ತಂಬುಳಿಯ ವಿಷಯದಲ್ಲಿ ಮಾತ್ರ ಒಂದು ಮಾತು: ದನ ಮೇಯುವ, ನೀರು ನಿಲ್ಲುವ ಗದ್ದೆಯಂಚಿನಿಂದ ಕಿತ್ತ ಎಲೆಯನ್ನು ಹಸಿಯಾಗಿ ಅರೆಯಬೇಡಿ. ಚೆನ್ನಾಗಿ ಬಾಡುವವರೆಗೆ ಬಾಣಲೆಯಲ್ಲಿ ಹುರಿದು ಅರೆಯಿರಿ, ಅನೇಕ ಮನೆಗಳಲ್ಲಿ ಹಾಗೆಯೇ ಮಾಡುತ್ತಾರೆ.

ಯಾರೂ ಕೇಳದಿದ್ದರೂ ಇನ್ನೊಂದು ಹುಳುವಿನ ಬಗ್ಗೆ ಹೇಳಬೇಕು, ಏಕೆಂದರೆ ಬಿಹಾರ, ಉತ್ತರ ಪ್ರದೇಶಗಳಲ್ಲಿ ಕೆಲಸದ ಮೇಲಿರುವ ಕನ್ನಡಿಗರಿಗೆ ಅದು ಹೆಚ್ಚು ಹತ್ತಿರದ್ದು. ಅಲ್ಲಿನ ಕೊಳಗಳಲ್ಲಿ ಬೆಳೆಯುವ ಸಿಂಘಾಡಾ ಕಾಯಿಯ ಸಿಪ್ಪೆಗೆ ಫ್ಯಾಸಿಯೋಲಾಪ್ಸಿಸ್ ಬಸ್ಕಿ ಎಂಬ ಹುಳುವಿನ ಕೋಶಗಳು ಅಂಟಿರಬಹುದು. ಹಂದಿ ಮತ್ತು ಮನುಷ್ಯರ ಮಲ ಸೇರುವ ಕೊಳದ ಹಸಿ ಕಾಯಿಯನ್ನು ಹಲ್ಲಿನಿಂದ ಸುಲಿದಾಗ, ತಿರುಳಿಗಿಂತ ಮೊದಲು ಸಿಪ್ಪೆಯ ಮೇಲಿನ ಕೋಶ ಬಾಯಿಗೆ ಹೋಗುತ್ತದೆ. ಈ ಹುಳು ಲಿವರಿಗೆ ಹೋಗದೆ ಸಣ್ಣಕರುಳಿನಲ್ಲೇ ಕಚ್ಚಿಕೊಂಡಿರುತ್ತದೆ. 1843ರಲ್ಲಿ ಜಾರ್ಜ್ ಬಸ್ಕ್ ಇದನ್ನು ಮೊದಲು ಕಂಡದ್ದೇ ಲಂಡನ್ನಿನಲ್ಲಿ ಸತ್ತ ಭಾರತೀಯ ನಾವಿಕನೊಬ್ಬನ ಕರುಳಿನಲ್ಲಿ. ಎರಡೂ ಹುಳುಗಳ ಮೊಟ್ಟೆಗಳು ಸೂಕ್ಷ್ಮದರ್ಶಕದಲ್ಲಿ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತವೆ. ಆದರೆ ಬಸ್ಕಿಗೆ ನಾಟುವ ಪ್ರಾಜಿಕ್ವಾಂಟೆಲ್ ಎಂಬ ಔಷಧ ಫ್ಯಾಸಿಯೋಲಾಗೆ ನಾಟುವುದಿಲ್ಲವಾದ್ದರಿಂದ, ವೈದ್ಯರ ಬಳಿ ಹೋದಾಗ ತಿಂದದ್ದು ಸಿಂಘಾಡಾವೋ ಸೊಪ್ಪೋ ಎಂಬುದನ್ನೂ ತಪ್ಪದೆ ಹೇಳಿ. ಉಪವಾಸಕ್ಕೆ ಬಳಸುವ ಸಿಂಘಾಡಾ ಹಿಟ್ಟನ್ನು ಒಣಗಿಸಿದ ತಿರುಳಿನಿಂದ ಬೀಸಿರುತ್ತಾರೆ, ಬೇಯಿಸಿಯೇ ತಿನ್ನುತ್ತಾರೆ. ಅದಕ್ಕೆ ಹೆದರಬೇಕಾಗಿಲ್ಲ.