ಮಳೆಗೆ ಮಿಲಿಮೀಟರ್ ಯಾಕೆ, ಲೀಟರ್ ಯಾಕಲ್ಲ?

ಹಾಲು ಲೀಟರಿನಲ್ಲಿ, ಎಣ್ಣೆ ಲೀಟರಿನಲ್ಲಿ. ಮಳೆ ಮಾತ್ರ ಯಾಕೆ ಮಿಲಿಮೀಟರಿನಲ್ಲಿ? ಮಕ್ಕಳು ಹೀಗೆ ಕೇಳಿದರೆ ಎಷ್ಟೋ ದೊಡ್ಡವರೇ ತಡವರಿಸುತ್ತಾರೆ. ನಾವಂತೂ ಬೋರ್ಡಿನ ಮೇಲೆ ಸಮುದ್ರ, ಮೋಡ, ನಾಲ್ಕು ಬಾಣ ಬರೆದು ಜಲಚಕ್ರ ಮುಗಿಸಿಬಿಡುತ್ತೇವೆ. ಅದರ ಬದಲು ಮಕ್ಕಳನ್ನು ಅಂಗಳಕ್ಕೆ ಬಿಡಿ.

ಮೋಡ ಕಟ್ಟಿದಾಗ ನಾಲ್ಕು ಪಾತ್ರೆ ಹೊರಗಿಡಿಸಿ. ಒಂದು ಬಕೆಟ್, ಒಂದು ಚೊಂಬು, ಮೇಲಿಂದ ಕೆಳಗೆ ಒಂದೇ ಅಗಲ ಇರುವ ಎರಡು ಡಬ್ಬಿ, ಒಂದು ದೊಡ್ಡದು, ಒಂದು ಚಿಕ್ಕದು. ಮಳೆ ನಿಂತ ಮೇಲೆ ಸ್ಕೇಲ್ ಇಳಿಸಿ ಅಳೆಯಲಿ. ಬಕೆಟ್ಟಿನಲ್ಲಿ ನೀರು ಜಾಸ್ತಿ ಎತ್ತರ ನಿಂತಿರುತ್ತದೆ. ಅದರ ಬಾಯಿ ಅಗಲ, ತಳ ಕಿರಿದು. ಚೊಂಬಿನದು ಉಲ್ಟಾ, ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಆದರೆ ಎರಡೂ ಡಬ್ಬಿಗಳಲ್ಲಿ ಒಂದೇ ಎತ್ತರ! ಇಲ್ಲಿ ಜಗಳ ಶುರುವಾಗಬೇಕು, ಆಗಲಿ ಬಿಡಿ. ದೊಡ್ಡ ಡಬ್ಬಿ ಹೆಚ್ಚು ಮಳೆ ಹಿಡಿಯಿತು ಅಲ್ವಾ? ಹೌದು, ಆದರೆ ಆ ನೀರು ಅಷ್ಟೇ ಅಗಲದ ತಳದ ಮೇಲೆ ಹರಡಿಕೊಂಡಿತು. ಬಾಯಿ ಎಷ್ಟು ದೊಡ್ಡದು ಅನ್ನುವುದೇ ಲೆಕ್ಕದಿಂದ ಹೊರಬಿತ್ತು. ಅದಕ್ಕೇ ಮಳೆಗೆ ಎತ್ತರದ ಅಳತೆ, ಮಿಲಿಮೀಟರ್.

ಲೀಟರ್ ಬೇಕೇ ಬೇಕೆಂದರೆ ಅದೂ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಅಂದರೆ 1 ಲೀಟರ್ ನೀರು. 10 ಮೀಟರ್ ಉದ್ದ, 6 ಮೀಟರ್ ಅಗಲದ ಶಾಲೆಯ ಚಾವಣಿ ಮೇಲೆ 10 ಮಿ.ಮೀ. ಬಿದ್ದರೆ 600 ಲೀಟರ್. ಅಷ್ಟೇ ಮಳೆ ಒಂದು ಎಕರೆ ಹೊಲಕ್ಕೆ ಬಿದ್ದರೆ ಸುಮಾರು 40,000 ಲೀಟರ್.

ಮಳೆ ಅಳೆಯುವುದೇನು ಹೊಸದಲ್ಲ. ಉಗ್ರಾಣದ ಮುಂದೆ ಒಂದು ಅರತ್ನಿ, ಅಂದರೆ ಸುಮಾರು ಒಂದು ಮೊಳ ಬಾಯಿಯ ಪಾತ್ರೆ ಇಡಿ ಎನ್ನುತ್ತದೆ ಕೌಟಿಲ್ಯನ ಅರ್ಥಶಾಸ್ತ್ರ. ಅಲ್ಲಿ ಮಳೆಯ ಲೆಕ್ಕ ದ್ರೋಣದಲ್ಲಿ. ದ್ರೋಣ ಧಾನ್ಯ ಅಳೆಯುವ, ಲೀಟರಿನಂಥ ಅಳತೆ. ಬಾಯಿಯ ಅಗಲ ಗೊತ್ತುಮಾಡಿದ್ದರಿಂದಲೇ ಅದು ನಡೆಯಿತು. ಕೊರಿಯಾದಲ್ಲಿ ಸೆಜೊಂಗ್ ರಾಜನ ಕಾಲದಲ್ಲಿ, 1441ರ ಹೊತ್ತಿಗೆ, ನೀರಿನ ಎತ್ತರವನ್ನೇ ಅಳೆಯುವ ಮಳೆಮಾಪಕ ಬಂತು.

ಶಾಲೆಗೆ ಒಂದು ಪ್ಲಾಸ್ಟಿಕ್ ಬಾಟಲಿ ಸಾಕು. ನಡುವೆ ಸೊಂಟ ಇಲ್ಲದ್ದನ್ನು ಆರಿಸಿ. ಮೇಲ್ಭಾಗ ಕತ್ತರಿಸಿ, ಮುಚ್ಚಳ ತೆಗೆದು, ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ. ತಳ ಉಬ್ಬುತಗ್ಗು ಇರುತ್ತದೆ. ಅದಕ್ಕೇ ಕಲ್ಲು ಹಾಕಿ, ಮುಳುಗುವಷ್ಟು ನೀರು ಹುಯ್ದು, ಅಲ್ಲಿಗೆ ಸೊನ್ನೆ ಗೆರೆ ಎಳೆಯಿರಿ. ಮರ, ಗೋಡೆಯಿಂದ ದೂರ ಇಡಿ. ಹವಾಮಾನ ಇಲಾಖೆ ಬೆಳಗ್ಗೆ 8:30ಕ್ಕೆ ಅಳೆಯುತ್ತದೆ. ಮಕ್ಕಳೂ ದಿನಾ ಒಂದೇ ಹೊತ್ತಿಗೆ ನೋಡಲಿ.

ಮಳೆ ಕೈಕೊಟ್ಟ ವರ್ಷ ಕಪ್ಪೆ ಮದುವೆ, ಕತ್ತೆ ಮದುವೆ ಸುದ್ದಿ ಬರುತ್ತದೆ. ಆಮೇಲೆ ಮಳೆ ಬಂತು ಅಂತಲೂ ಬರುತ್ತದೆ. ಮದುವೆ ಮಾಡದ ಪಕ್ಕದೂರಿನಲ್ಲಿ ಎಷ್ಟು ಬಂತು ಎಂದು ಕೇಳುವವರಿಲ್ಲ. ಎರಡೂ ಊರಿನ ಶಾಲೆಯಲ್ಲಿ ಒಂದೊಂದು ಬಾಟಲಿ, ಒಂದೊಂದು ನೋಟ್‌ಬುಕ್ ಇದ್ದರೆ ಮಕ್ಕಳೇ ಹೋಲಿಸಿ ನೋಡಬಹುದು. ಮಳೆ ಬಾರದ ದಿನ ಮಾತ್ರ ಮರೆಯದೆ ಸೊನ್ನೆ ಬರೆದಿರಬೇಕು. ಜಾಗ ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಅಳೆಯೋಕೆ ಮರೆತರೋ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.