ಎಣ್ಣೆ ಸೀಗೆಕಾಯಿ: ಯಾರಿಗೆ ಒಪ್ಪುತ್ತೆ, ಯಾರಿಗೆ ಒಪ್ಪಲ್ಲ

‘ಅವರಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ’ ಅನ್ನೋ ಮಾತು ಎಲ್ಲರೂ ಕೇಳಿದ್ದೇವೆ. ‘ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು’ ಎಂದು ಅರ್ಥ ಬರೆದರೆ ಅಂಕವೂ ಸಿಗುತ್ತದೆ. ಎಡವುವುದು ಸ್ವಂತ ವಾಕ್ಯ ಮಾಡುವಾಗ. ನಾನು ಒಮ್ಮೆ ‘ನಮ್ಮ ಹಳ್ಳಿಗೂ ಬೆಂಗಳೂರಿಗೂ ಎಣ್ಣೆ ಸೀಗೆಕಾಯಿ’ ಎಂದು ಬರೆದಿದ್ದೆ. ಮೇಷ್ಟ್ರು ಕೆಂಪು ಗೆರೆ ಎಳೆದರು, ಕಾರಣ ಹೇಳಲಿಲ್ಲ.

ಕಾರಣ ಬಚ್ಚಲುಮನೆಯಲ್ಲಿದೆ. ನರಕ ಚತುರ್ದಶಿಯ ನಸುಕಿನಲ್ಲಿ ಎಬ್ಬಿಸಿ ಕೂರಿಸಿ ನೆತ್ತಿಗೆ ಹರಳೆಣ್ಣೆ ತಟ್ಟುತ್ತಾರಲ್ಲ, ಅದು ಸಿಕ್ಕಾಪಟ್ಟೆ ಜಿಡ್ಡು. ಹಂಡೆಯ ಬಿಸಿನೀರು ಎಷ್ಟು ಹೊಯ್ದರೂ ಬಿಡುವುದಿಲ್ಲ. ಆಮೇಲೆ ಸೀಗೆಪುಡಿ ಕಲಸಿ ತಿಕ್ಕುತ್ತಾರೆ. ಕಣ್ಣಿಗೆ ಹೋದರೆ ಉರಿಯೋ ಉರಿ! ಸೀಗೆಕಾಯಿಯಲ್ಲಿ ಸಪೋನಿನ್ ಎಂಬ ನೊರೆ ಬರಿಸುವ ಅಂಶವಿದೆ. ಅದು ಜಿಡ್ಡನ್ನು ಹಿಡಿದು ನೀರಿನ ಜೊತೆ ಸಾಗಿಸಿಬಿಡುತ್ತದೆ. ಸೀಗೆ ಬಂದರೆ ಎಣ್ಣೆಗೆ ಜಾಗವಿಲ್ಲ. ಹಾಗಂತ ತಪ್ಪು ಎಣ್ಣೆಯದೂ ಅಲ್ಲ, ಸೀಗೆಯದೂ ಅಲ್ಲ. ಗುಣವೇ ಹಾಗೆ. ಎಣ್ಣೆ–ನೀರು ಆದರೆ ಸುಮ್ನೆ ಬೇರೆ ಬೇರೆ ನಿಂತಿರುತ್ತವೆ. ಇಲ್ಲಿ ಒಂದು ಇನ್ನೊಂದನ್ನು ಓಡಿಸುತ್ತದೆ. ಅದಕ್ಕೇ ನಮ್ಮ ಜೋಡಿ ಜಾಸ್ತಿ ಖಾರ ಅನ್ನಿಸುತ್ತದೆ ನನಗೆ.

ಮುಖ್ಯವಾದದ್ದು ಇನ್ನೊಂದಿದೆ. ಎರಡೂ ಬಂದು ಸೇರುವುದು ಒಂದೇ ತಲೆಯ ಮೇಲೆ! ಅತ್ತೆ–ಸೊಸೆ, ಓರಗಿತ್ತಿಯರು, ಒಂದೇ ಪಕ್ಷದ ಇಬ್ಬರು ಮುಖಂಡರು, ಅಕ್ಕಪಕ್ಕ ಕುರ್ಚಿ ಹಾಕಿಕೊಂಡ ಸಹೋದ್ಯೋಗಿಗಳು, ಇಂಥವರಿಗೆ ಈ ಮಾತು ಒಪ್ಪುತ್ತದೆ. ಮುಖಾಮುಖಿಯೇ ಆಗದವರಿಗೆ ಒಪ್ಪುವುದಿಲ್ಲ. ‘ಒಂದೇ ಅಡುಗೆಮನೆ, ಆದರೂ ಎಣ್ಣೆ ಸೀಗೆಕಾಯಿ ಥರ ಇರ್ತಾರೆ’ ಅಂದರೆ ಸರಿ.

ಹಳ್ಳಿಗೂ ಬೆಂಗಳೂರಿಗೂ ಇರುವುದು ಅಜಗಜಾಂತರ. ಅಜ ಅಂದರೆ ಆಡು, ಗಜ ಅಂದರೆ ಆನೆ. ಗಜ, ಅಂತರ ಸೇರಿ ಗಜಾಂತರ; ಸವರ್ಣದೀರ್ಘ ಸಂಧಿ. ಆಡಿಗೂ ಆನೆಗೂ ಜಗಳವೇನಿಲ್ಲ, ಅಳತೆಯಲ್ಲಿ ವ್ಯತ್ಯಾಸ ಅಷ್ಟೇ. ಹಾವು–ಮುಂಗುಸಿ ಅಂದರೆ ಕಂಡಲ್ಲಿ ಕಾದಾಟ. ಎಣ್ಣೆ ಸೀಗೆಕಾಯಿಯವರು ಕಾದಾಡಲೇಬೇಕು ಅಂತಿಲ್ಲ, ಮಾತೇ ಆಡದೆಯೂ ವರ್ಷಗಟ್ಟಲೆ ಇದ್ದುಬಿಡಬಹುದು. ಭಿನ್ನಾಭಿಪ್ರಾಯ ಒಂದು ವಿಷಯಕ್ಕೆ ಹುಟ್ಟುತ್ತದೆ. ಕೂತು ಮಾತಾಡಿದರೆ ಬಗೆಹರಿಯಲೂಬಹುದು. ಅರ್ಜಿ, ವರದಿಗಳಲ್ಲಿ ಎಣ್ಣೆ ಸೀಗೆಕಾಯಿ ಬೇಡ, ‘ಹೊಂದಾಣಿಕೆ ಇಲ್ಲ’ ಎಂದು ಬರೆದರೆ ಸಾಕು.

ಪದಗಳ ಕ್ರಮವನ್ನೂ ಬದಲಿಸಬೇಡಿ. ‘ಸೀಗೆಕಾಯಿ ಎಣ್ಣೆ’ ಅಂದರೆ ದಿನಸಿ ಚೀಟಿ ಓದಿದ ಹಾಗಿರುತ್ತದೆ. ಇನ್ನು ಸೀಗೆಕಾಯಿ ಬಿಟ್ಟು ‘ಅವರಿಬ್ಬರ ಮಧ್ಯೆ ಎಣ್ಣೆ’ ಅಂದಿರೋ, ಗೆಳೆಯರು ಬಾಟಲಿ ಎಲ್ಲಿ ಅಂತ ಕೇಳುತ್ತಾರೆ.